ಆರು ವಾರದ ಡಬ್ಬಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಪುಣ್ಯಾತ್ಮರು
ಮಕ್ಕಳ ಕಾಲು ಏಪ್ರಿಲ್‌ನಿಂದ ಜುಲೈಗೆ
ಒಂದು ಸೈಜು ಬೆಳೆಯುವುದನ್ನು
ಲೆಕ್ಕಕ್ಕೆ ಹಿಡಿದಿರಲಿಲ್ಲ.

ಚಪ್ಪಲಿಗೇ ಹೋಯಿತು ಇಪ್ಪತ್ತೆರಡು ಪೌಂಡು,
ಬೇಸಿಗೆ ರಜೆ ಶುರುವಾಗುವ ಮೊದಲೇ.

ಉಳಿದದ್ದು ನೂರಾ ಹದಿನೆಂಟು.
ರಾತ್ರಿ ಪಾಳಿ ಮುಗಿಸಿ ಬಂದು, ಕೋಟೂ ಬಿಚ್ಚದೆ,
ಹೋದ ಕ್ರಿಸ್‌ಮಸ್ಸಿನ ಬಿಸ್ಕತ್ತಿನ ಡಬ್ಬಿಯಲ್ಲಿ
ಆರು ಲಕೋಟೆ ಜೋಡಿಸಿದೆ, ವಾರಕ್ಕೊಂದು.
ಮೂರನೆಯದರ ಮೇಲೆ 'ಸಮುದ್ರ' ಎಂದು ಬರೆದು
ಅಡಿಗೆರೆ ಎಳೆದೆ.

ಹಲ್ ಊರಿನ ಮಳೆಗೆ ಲಕೋಟೆ ಓದಲು ಬರುವುದಿಲ್ಲ.
ಮೂರನೇ ವಾರ ಪೂರ್ತಿ ಸುರಿಯಿತು.
ಲೈಬ್ರರಿಯಲ್ಲಿ ಕೂತೆವು, ಪುಕ್ಕಟೆ.
ಚಿನ್ಮಯ ಒಂದೇ ಡೈನೊಸಾರ್ ಪುಸ್ತಕವನ್ನು
ಒಂಬತ್ತು ಸಲ ಓದಿ, ಹತ್ತನೇ ಸಲಕ್ಕೆ ಅತ್ತ.

ಐದನೇ ವಾರ, ಮಂಗಳವಾರ, ಬಿಸಿಲು!
ಪಕ್ಕದ ಮನೆಯ ಮೊರೀನ್ ಗಾಳಿತಡೆಯ ಪರದೆ ಕೊಟ್ಟಳು,
ಜೊತೆಗೆ ಎರಡು ಬಕೆಟ್, ಒಂದಕ್ಕೆ ಹಿಡಿಕೆಯಿಲ್ಲ.
ಬುತ್ತಿಗೆ ಚಪಾತಿ ಸುರುಳಿ, ಶೇಂಗಾ ಚಟ್ನಿ,
ಉಪ್ಪುಖಾರ ಹಚ್ಚಿದ ಸೌತೆಕಾಯಿ.
ಬಸ್ಸು ವಿದರ್ನ್‌ಸೀಗೆ.

ಆ ಊರಿನ ದೀಪಸ್ತಂಭ ಕಡಲು ಬಿಟ್ಟು
ಮನೆಗಳ ನಡುವೆ ನಿಂತಿದೆ,
ಸಂತೆಯಲ್ಲಿ ಅಮ್ಮನ ಸೆರಗು ತಪ್ಪಿದ ಮಗುವಿನ ಹಾಗೆ.
ದಂಡೆಯಲ್ಲೊಂದು ಕೋಟೆಯಂಥ ಹೆಬ್ಬಾಗಿಲು;
ದಾಟಿದರೆ ಆಚೆ ಏನೂ ಇಲ್ಲ,
ಅದು ಕಾಯುತ್ತಿದ್ದ ಕಡಲಕಟ್ಟೆಯನ್ನು
ಅಲೆಗಳು ಯಾವ ಕಾಲಕ್ಕೋ ಒಯ್ದಿವೆ.
ಎರಡನ್ನೂ ನೋಡಿದೆವು. ನೋಡಿದರೆ ಖರ್ಚಿಲ್ಲ.

ಐಸ್‌ಕ್ರೀಮಿನ ಹೆಸರು ತೊಂಬತ್ತೊಂಬತ್ತು,
ಬೆಲೆ ಮಾತ್ರ ಮೂರು ಪೌಂಡು.
ಒಂದು ಕೊಂಡು ಎರಡು ಚಮಚ ಕೇಳಿದೆ.
ಚಿಪ್ಸ್ ಮೂವರಿಗೂ ಸೇರಿ ಒಂದೇ ಪೊಟ್ಟಣ;
ಅದರ ಕಾಲುಭಾಗ ಕಡಲಹಕ್ಕಿ ಎಗರಿಸಿತು.
ಆ ನಷ್ಟ ಯಾವ ಲಕೋಟೆಗೆ ಬರೆಯಲಿ?
ಚಿನ್ಮಯ ಗಾಳಿಗಿರಗಟ್ಟಲೆಯ ಅಂಗಡಿ ಮುಂದೆ
ಮರಳಲ್ಲಿ ಹೊರಳಾಡಿ ರಂಪ ಮಾಡಿದ.
ಇಂಚರ ಮಾತ್ರ ಏನೂ ಕೇಳಲಿಲ್ಲ.
ನಂಗೆ ಬೇಡಮ್ಮ, ಹೊಟ್ಟೆ ತುಂಬಿದೆ.
ಒಂಬತ್ತು ವರ್ಷಕ್ಕೇ ಎಂಥ ತಿಳಿವಳಿಕೆ
ಎಂದು ಒಳಗೊಳಗೇ ಹಿಗ್ಗಿದೆ.

ಮರಳುವಾಗ ನಿದ್ದೆಹೋಗಿದ್ದಳು.
ತೊಡೆಯಿಂದ ಜಾರಿತು ಪುಟ್ಟದೊಂದು ನೋಟ್‌ಬುಕ್.
ನನ್ನ ಹಾಗೆಯೇ ಗೆರೆ, ನನ್ನ ಹಾಗೆಯೇ ಅಡಿಗೆರೆ.
ಇಂಗ್ಲಿಷಿನಲ್ಲಿ ಬರೆದಿದ್ದಳು, ನಾನು ಕನ್ನಡದಲ್ಲಿ ಓದಿಕೊಂಡೆ:

ಕೇಳದೆ ಉಳಿಸಿದ್ದು.
ಟ್ರ್ಯಾಂಪೊಲಿನ್, ನಾಲ್ಕೂವರೆ.
ಗಾಳಿಗಿರಗಟ್ಟಲೆ, ಎರಡು.
ನನ್ನದೇ ಆದ ಐಸ್‌ಕ್ರೀಮ್, ಮೂರು.
ಜಾಸ್ಲಿನ್ ಜೊತೆ ಈಜು, ಆರು (ಜ್ವರ ಅಂದೆ).
ಒಟ್ಟು ಹದಿನೈದೂವರೆ.

ಡಬ್ಬಿಯಲ್ಲಿ ಆಗ ಮಿಕ್ಕಿದ್ದು ಇಪ್ಪತ್ತೊಂದು.
ಅದರಲ್ಲಿ ಹದಿನೈದೂವರೆ
ನನ್ನ ಜಾಣತನದ್ದಲ್ಲ ಎಂದು
ಪ್ಯಾಟ್ರಿಂಗ್ಟನ್ ದಾಟುವ ಹೊತ್ತಿಗೆ ಅರ್ಥವಾಯಿತು.

ಮರುದಿನ ಲಕೋಟೆ ಹರಿದು ಅವಳ ಕೈಗೆ ಸುರಿಯಲಿಲ್ಲ.
ಕರೆಂಟ್ ಬಿಲ್ಲು ಬಾಗಿಲಲ್ಲೇ ಬಿದ್ದಿತ್ತು.
ಹೇಳಿದ್ದು ಇಷ್ಟೇ:
ಕೇಳು ಮಗಳೇ.
ಇಲ್ಲ ಅನ್ನುವುದು ನನ್ನ ಕೆಲಸ,
ಅದನ್ನು ನೀನು ಮಾಡಬೇಡ.

ಅನುಮಾನದಿಂದ ನೋಡಿದಳು.
ಕುದುರೆ ಬೇಕು.
ಇಲ್ಲ.
ಬಿಳೀ ಕುದುರೆ?
ಇಲ್ಲ.
ಹಿತ್ತಲಲ್ಲಿ ಈಜುಕೊಳ?
ನಮಗೆ ಹಿತ್ತಲೆಲ್ಲಿದೆಯೇ, ಇಲ್ಲ!
ನಗು ತಡೆಯಲಾಗದೆ ಬಾಯಿಗೆ ಕೈ ಒತ್ತಿ,
ಹಾಗಾದ್ರೆ, ಡಬಲ್ ಡೆಕ್ಕರ್ ಮೇಲೆ, ಎಲ್ಲಕ್ಕಿಂತ ಮುಂದಿನ ಸೀಟು,
ಕೊನೇ ಸ್ಟಾಪಿನವರೆಗೆ,
ಸುಮ್ಮನೆ?

ಪೆನ್ನು ಹುಡುಕಿದೆ, ಆರನೇ ಲಕೋಟೆಯ ಮೇಲೆ ಬರೆಯಲು.
ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು.
ಹೊಸ ಚಪ್ಪಲಿ.
ಹೆಬ್ಬೆರಳು ಆಗಲೇ ತುದಿ ಮುಟ್ಟುತ್ತಿತ್ತು.